ಎಲ್ಲೆ

ತಾಳವಾಡಿಯಿಂದ ನನ್ನನ್ನು ಕರೆಸಿದ್ದು ದುಭಾಷಿ ಕೆಲಸಕ್ಕೆ.
ದಿನಕ್ಕೆ ಆರು ನೂರು, ಮೇಲೆ ಊಟ.
ರೇಂಜರ್ ಇಳಂಪರಿತಿಯವರ ತಮಿಳು ನೇರಳ್ಳದೊಡ್ಡಿಗೆ ಮುಟ್ಟಬೇಕು,
ದೊಡ್ಡಿಯ ಮಾತು ಅವರ ಫೈಲಿಗೆ.
ಸೋಲಿಗರಿಗೆ ತಮಿಳು ಬರುತ್ತದೆ, ಸಂತೆಗೆ ಬೇಕಾದಷ್ಟು.
ಜಗಳಕ್ಕೆ ಮಾತ್ರ ತಮ್ಮದೇ ನುಡಿ ಬೇಕು.

ಜೇನು ತೂಗುವ ಷೆಡ್ಡಿನ ಗೋಡೆಗೆ ನಕ್ಷೆ ಅಂಟಿಸಹೋದರು.
ಟೇಪು ಹಿಡಿಯಲಿಲ್ಲ, ಗೋಡೆಯ ತುಂಬ ಹಳೇ ಮೇಣ.
ಕೊನೆಗೆ ಇಬ್ಬರು ಹುಡುಗರು ಮೂಲೆ ಹಿಡಿದು ನಿಂತರು.
ಅವರಿಗೆ ಕೈ ನೋವು ಬಂದಾಗಲೆಲ್ಲ
ಕಾಡು ಸ್ವಲ್ಪ ಕೆಳಗಿಳಿಯುತ್ತಿತ್ತು.

"ಹುಲಿಕಾಡನ್ನು ಮೂಡಲಿಗೆ ಬೆಳೆಸುತ್ತೇವೆ,
ಈ ಸಲ ಯಾರನ್ನೂ ಎಬ್ಬಿಸುವುದಿಲ್ಲ,
ಸಮಿತಿಯಲ್ಲಿ ಅರ್ಧ ಜನ ನೀವೇ" ಎಂದರು.
ನಾನು ಹೇಳಿದೆ. ಯಾರೂ ಕೆಮ್ಮಲೂ ಇಲ್ಲ.
"ಇದು ಹೊಸ ಎಲ್ಲೈ" ಎಂದು ಕೆಂಪು ಗೆರೆಯ ಮೇಲೆ ಬೆರಳಾಡಿಸಿದರು.
ನಾನು ಬಾಯಿ ತೆರೆದೆ, ಹಾಗೇ ಮುಚ್ಚಿದೆ.
ಎಲ್ಲೈ ಅಂದರೆ ಎಲ್ಲೆ.
ನನ್ನ ಕೂಲಿಯಿಲ್ಲದೆಯೇ ಹೊಳೆ ದಾಟುವ ಮಾತು.

ಆಗ ದುಂಡಿ ಎದ್ದಳು,
ಸೆರಗಿನಲ್ಲಿ ಮಾಗಳಿ ಬೇರಿನ ವಾಸನೆ.
"ಎಲ್ಲೆ ಅಂದ್ರೇನು, ಕೇಳು ಅವ್ರನ್ನ.
ನಮ್ಗೆ ಕುಲಕ್ಕೊಂದು ಎಲ್ಲೆ. ಅದು ಅಂಚಲ್ಲ ಕಣಪ್ಪ, ಹೊಟ್ಟೆ.
ಒಂದು ದೇವ್ರು, ಒಂದು ಮಾರಿ, ಬತ್ತದ ಅಬ್ಬಿ,
ಸತ್ತೋರ ಕಲ್ಲು. ಇಷ್ಟೂ ಸೇರಿದ್ರೆ ಎಲ್ಲೆ.
ಅವ್ರ ಎಲ್ಲೆ ಎಲ್ಲಿಗೆ ಮುಗೀತು ಅಂತದೆ.
ನಮ್ದು, ನೀನು ಯಾರ ಮಗ ಅಂತದೆ."

ಒಂದೇ ಮಾತನ್ನು ಅದೇ ಮಾತಿಗೆ ತಿರುಗಿಸಲು
ನನಗೆ ಅರ್ಧ ಗಂಟೆ ಹಿಡಿಯಿತು.
ರೇಂಜರು ನೀರು ಕುಡಿದರು. ಮತ್ತೆ ಕುಡಿದರು.
"ರುಜು ಆಮೇಲೆ," ಅಂದಳು ದುಂಡಿ, "ಮೊದ್ಲು ನಡೀಲಿ."

ಮೂರು ದಿನ ನಡೆದೆವು.
ಲಂಟಾನದಲ್ಲಿ ಇಲಾಖೆಯ ಷರಟು ಎರಡು ಕಡೆ ಹರಿಯಿತು.
ನೆಲ್ಲಿಮರದ ನೆತ್ತಿಯಲ್ಲಿ ಉಪ್ಪಿಲು ಕೂತು ಹೀರುತ್ತಿತ್ತು.
"ಬೆಂಕಿ ಬೇಡ ಅಂದ್ರಿ, ಇದು ಬಂತು" ಎಂದ ಜಡೆಯ,
ಬೈಗುಳದಂತೆ ಅಲ್ಲ, ಮಳೆ ಬಂತು ಅನ್ನುವಂತೆ.
ರೇಂಜರು ಪೆನ್ಸಿಲಿನಲ್ಲಿ ಬರೆದುಕೊಂಡರು,
ಹಾಳೆ ಸಾಲದೆ ಅಂಗೈ ಮೇಲೆ.

ಎರಡನೆಯ ದಿನ ಮಧ್ಯಾಹ್ನ ದುಂಡಿ ನಿಂತಳು.
ಅವಳ ಅವ್ವನನ್ನು ಜೀಪು ಹತ್ತಿಸಿ ರಸ್ತೆಬದಿಗೆ ಇಳಿಸಿದ ವರುಷ
ಒರಳು ಇಲ್ಲೇ ಉಳಿದಿತ್ತಂತೆ, ಎತ್ತಲಾರದೆ.
ಪೊದೆ ಸರಿಸಿದಳು. ಇತ್ತು.
ಒಳಗೆ ಎಲೆ ಕೊಳೆತ ನೀರು, ಪಕ್ಕದ ಕೆಸರಲ್ಲಿ
ನಿನ್ನೆಯದೋ ಇವತ್ತಿನದೋ, ಹುಲಿಯ ಹೆಜ್ಜೆ.
"ನೋಡು, ಅದೂ ಕುಡಿದು ಹೋಗದೆ," ಅಂದಳು,
ನೆಂಟರ ಸುದ್ದಿ ಹೇಳುವಂತೆ.
ಇಳಂಪರಿತಿ ಕುಕ್ಕರಗಾಲಲ್ಲಿ ಕೂತು ಎಲೆ ತೆಗೆದರು, ಒಂದೊಂದೇ.
ಜಾಗದ ಹೆಸರು ಕೇಳಿದರು, ನನ್ನನ್ನಲ್ಲ,
ಅವಳನ್ನೇ, ಮುರುಕು ಕನ್ನಡದಲ್ಲಿ.
ಆ ಹೊತ್ತಿನ ಕೂಲಿ ನಾನು ತೆಗೆದುಕೊಳ್ಳಬಾರದಿತ್ತು.
ತೆಗೆದುಕೊಂಡೆ.

ನಕ್ಷೆ ಈಗ ಚೆನ್ನೈಯಲ್ಲಿದೆ.
ಕೆಂಪು ಗೆರೆಯೊಳಗೆ ನಲವತ್ತೊಂದು ಪೆನ್ಸಿಲ್ ಹೆಸರು.
ಶಾಯಿಯಲ್ಲಿ ತಿದ್ದಲೇ ಎಂದು ಗುಮಾಸ್ತರು ಕೇಳಿದ್ದರಂತೆ.
ಬೇಡ ಅಂದಿದ್ದಳು ದುಂಡಿ.
ಅಬ್ಬಿ ಒಂದೊಂದು ವರುಷ ಜಾಗ ಬದಲಿಸ್ತದೆ.
ಅರ್ಧ ಸಮಿತಿಯ ಕಾಗದ ಇನ್ನೂ ಬಂದಿಲ್ಲ.
ಬರುತ್ತದೋ, ಜೀಪೇ ಬರುತ್ತದೋ,
ದೊಡ್ಡಿಯಲ್ಲಿ ಎರಡಕ್ಕೂ ಪಂದ್ಯ ಕಟ್ಟಿದವರಿದ್ದಾರೆ.

ಜನವರಿಯ ಒಂದು ಸಂಜೆ, ಇಬ್ಬನಿ ಇಳಿಯುವ ಮುನ್ನ,
ಜಡೆಯ ತರಗಿಗೆ ಬೆಂಕಿ ಇಟ್ಟ,
ಮೊಣಕಾಲಿಗಿಂತ ಮೇಲೇಳದ ಬೆಂಕಿ.
ಪರವಾನಗಿ ಇರಲಿಲ್ಲ.
ರೇಂಜರು ಬಂದರು. ಫೋನು ತೆಗೆದರು, ಜೇಬಿಗೆ ಹಾಕಿದರು.
ಹಸಿ ಸೊಪ್ಪಿನ ಕೊಂಬೆಯೊಂದನ್ನು ಮುರಿದುಕೊಂಡು
ಗಾಳಿಯ ಕೆಳಬದಿಗೆ ಹೋಗಿ ನಿಂತರು,
ಹೊಗೆಯಲ್ಲಿ ಕಣ್ಣು ಕಿರಿದು ಮಾಡಿ.
ಆ ರಾತ್ರಿ ಯಾರೂ ನನ್ನ ಕಡೆ ತಿರುಗಲಿಲ್ಲ.
ನಾನೂ ಒಂದು ಕೊಂಬೆ ಮುರಿದೆ.