ಕತ್ತಲಾಗುವ ಮುಂಚೆ

ನವೆಂಬರ್ ಹದಿನೈದು. ನಸುಕಿನ ನಾಲ್ಕೂಕಾಲು.
ಒಲೆಯ ಹತ್ತಿರ ಒಣಹಾಕಿದ ಉಣ್ಣೆಯ ಕಾಲುಚೀಲ
ಇನ್ನೂ ಅರೆಹಸಿ.
ನಿನ್ನ ಕೋಣೆಯ ಬಾಗಿಲು ಎರಡು ಬೆರಳಷ್ಟು ತೆರೆದಿದೆ.
ನಿನಗೆ ನಿದ್ದೆಯಿಲ್ಲವೆಂದು ನನಗೆ ಗೊತ್ತು;
ನನಗೆ ಗೊತ್ತೆಂದು ನಿನಗೂ ಗೊತ್ತು, ಸೈಮಿ.
ಮೂವತ್ತೊಂದು ವರ್ಷದಲ್ಲಿ ನಾವು ಕಲಿತ ಸಭ್ಯತೆ ಇಷ್ಟು.

ನಾಳೆ ನಮ್ಮ ಮದುವೆಯ ದಿನ.
ತಾರೀಖು ಗೊತ್ತು ಮಾಡಿದವನು ನಿನ್ನಪ್ಪ,
ಗಣಿಯಲ್ಲಿ ದುಡಿದವನು, ಕೋವಿ ಮುಟ್ಟದವನು.
ಮಿಶಿಗನ್ನಿನ ಈ ಮೇಲುತುದಿಯಲ್ಲಿ
ಜಿಂಕೆಯ ಋತು ತೆರೆದರೆ ಶಾಲೆಗೂ ರಜೆಯೆಂದು
ಗೊತ್ತಿದ್ದೂ ಗೊತ್ತು ಮಾಡಿದವನು.
ಚರ್ಚಿನ ಎಡಗಡೆಯ ಬೆಂಚುಗಳು ಕಿಕ್ಕಿರಿದಿದ್ದವು, ಬಲಗಡೆ
ನನ್ನವ್ವ, ಇಬ್ಬರು ಚಿಕ್ಕಮ್ಮಂದಿರು.
ನನ್ನ ಕಡೆಯ ಗಂಡಸರೆಲ್ಲ ಸಿಡಾರ್ ಮರಗಳ ಜೌಗಿನಲ್ಲಿದ್ದರು.
'ಸಾವು ಅಗಲಿಸುವ ತನಕ' ಎಂದು ನಾನನ್ನುವಾಗ
ದೂರದಲ್ಲೊಂದು ಗುಂಡು ಹಾರಿತು.
ನನ್ನ ಕಿವಿ ನಿಮಿರಿತು. ನೀನು ನೋಡಿದೆ.

ಪಾದ್ರಿ ಹಾಲ್ವರ್‌ಸನ್ ಆಮೇಲೊಮ್ಮೆ ಕೂರಿಸಿಕೊಂಡು ಹೇಳಿದ:
ಕ್ರಿಸ್ತ ತನ್ನನ್ನೇ ತೆತ್ತ, ಗಂಡನೂ ತೆರಬೇಕು.
ಎಷ್ಟು, ಎಂದೆ. ಯಾವ ಯಾವ ಶನಿವಾರ?
ಅವನು ನಕ್ಕ. ಅವನ ಗೋಡೆಯ ಮೇಲೂ ಇತ್ತು
ಹತ್ತು ಕವಲಿನ ಕೊಂಬು.

ಆರನೆಯ ವರ್ಷದ ಮಾತು ನಾವು ಎತ್ತುವುದಿಲ್ಲ.
ಮರದ ಮೇಲಿನ ಅಟ್ಟಣೆಯಲ್ಲಿದ್ದೆ, ಗಾಳಿ ಮುಖಕ್ಕೆ ಬರುತ್ತಿತ್ತು.
ಆ ಇಡೀ ದಿನ ಎಷ್ಟು ಸುಖವಾಗಿದ್ದೆನೆಂದು
ಇವತ್ತಿಗೂ ಹೇಳಲು ನಾಚಿಕೆ.
ಗಂಡುಜಿಂಕೆಯನ್ನು ಟ್ರಕ್ಕಿಗೆ ಹಾಕಿ ಹಾರ್ನ್ ಬಾರಿಸುತ್ತ ಬಂದೆ.
ನೀನು ಸೌನಾದ ಮೆಟ್ಟಿಲ ಮೇಲೆ ಕೂತು
ಹಾಸಿಗೆಯ ಬಟ್ಟೆ ಒಗೆಯುತ್ತಿದ್ದೆ, ತಣ್ಣೀರಲ್ಲಿ.
'ಮೂರು ತಿಂಗಳದ್ದು' ಎಂದೆ, ನನ್ನ ಕೈ ನೋಡಿ.
ನನ್ನ ಕೈಯಲ್ಲೂ ರಕ್ತವಿತ್ತು.
ಬೇರೆಯದು.

ಮರುವರ್ಷ ನಾನು ಹೋಗಲಿಲ್ಲ.
ಕೋವಿಗೆ ಎಣ್ಣೆ ಹಚ್ಚಿ, ಕಪಾಟಿಗೆ ಬೀಗ ಜಡಿದು
ಬೀಗದ ಕೈ ನಿನ್ನ ಕೈಗಿಟ್ಟೆ, ಮಹಾತ್ಯಾಗಿಯ ಹಾಗೆ.
ಕಿಟಕಿಯ ಬಳಿ ಕೂತೆ. ಉಗುರು ಕಚ್ಚಿದೆ.
ನೀನು ಕೇಳಿದ್ದಕ್ಕೆಲ್ಲ ಹೂಂ ಎಂದೆ, ಸಹನೆಯಿಂದ;
ಆ ಸಹನೆಯೇ ನಿನಗೆ ಸಹಿಸಲಾಗಲಿಲ್ಲ.
ಮೂರನೇ ದಿನ ಕಿತ್ತಳೆ ಬಣ್ಣದ ಕೋಟನ್ನು ನನ್ನ ಮೇಲೆಸೆದೆ:
"ಎದ್ದು ಹೋಗು, ಉರ್ಹೊ. ನನಗಾಗಿ ಬಿಟ್ಟೆಯೆಂದು
ಮನೆಯ ಮೂಲೆಮೂಲೆಗೂ ಹೇಳುತ್ತ ಕೂತಿದ್ದೀ.
ಬೇಟೆಯ ಜತೆ ಹೇಗೋ ಬಾಳುತ್ತೇನೆ.
ಈ ಉಪಕಾರದ ಜತೆ ನನ್ನಿಂದಾಗದು."

ಹೋದೆ. ತಂದೆ.
ಅಂದಿನಿಂದ ಅಡುಗೆಮನೆಯ ಮೇಜಿಗೆ ಇಬ್ಬರೂ.
ನಾನು ಮೂಳೆ ಬಿಡಿಸುತ್ತೇನೆ, ನೀನು ಪೊರೆ ಎತ್ತುತ್ತೀ,
ಬಿಳಿ ಕಾಗದದಲ್ಲಿ ಸುತ್ತಿ ತಾರೀಖು ಬರೆಯುತ್ತೀ.
ವರ್ಷವಿಡೀ ಬಾಯಿಗೆ ಬಾರದ ಮಾತು ಆಗ ಬರುತ್ತದೆ,
ಕೈಗೆ ಕೆಲಸವಿದ್ದಾಗ, ಕಣ್ಣು ಕೆಳಗಿದ್ದಾಗ:
ನಿನ್ನ ತಂಗಿಯ ಸಾಲ, ನನ್ನ ಎದೆಯುರಿ.
ಒಮ್ಮೆ ಮಾತ್ರ, ತೊಡೆಯ ಮಾಂಸ ಸುತ್ತುತ್ತ,
'ಹೆಣ್ಣಾಗಿತ್ತೇನೋ' ಅಂದೆ.
ನಾನು ಚಾಕು ಕೆಳಗಿಡಲಿಲ್ಲ.
ಇಡಬೇಕಿತ್ತೋ? ಇನ್ನೂ ತಿಳಿಯದು.

ಊಟಕ್ಕೆ ಮುಂಚೆ ನಿನ್ನ ಪ್ರಾರ್ಥನೆ ಉದ್ದ:
ಜಿಂಕೆಗೊಂದು ವಾಕ್ಯ, ಅದು ಮೇದ ಚಿಗುರಿಗೊಂದು,
ಮನೆಗೆ ಮರಳಿದವನಿಗೊಂದು.
ನನಗೆ ಹಸಿವು. ಆಮೆನ್ ಬೇಗ ಅಂದುಬಿಡುತ್ತೇನೆ.

ಈಗ ಅಟ್ಟಣೆಯ ಏಣಿಯನ್ನು ಮೊಣಕಾಲು ಒಪ್ಪುವುದಿಲ್ಲ.
ನೆಲದಲ್ಲೇ, ಬಿದ್ದ ಮರಕ್ಕೆ ಒರಗಿ ಕೂತಿದ್ದೇನೆ.
ಹಿಮ ಸಣ್ಣಗೆ, ಯಾರೋ ಹಿಟ್ಟು ಜರಡಿ ಹಿಡಿದ ಹಾಗೆ.
ಗುಂಡಿಗಾಗಿ ಜೇಬು ತಡಕಿದರೆ ಸಿಕ್ಕಿದ್ದು
ನಿನ್ನ ಅಕ್ಷರದ ಚೀಟಿ.
ಯೀಸ್ಟ್. ಕಲ್ಲುಪ್ಪು. ಅಗಲದ ಬ್ಯಾಂಡೇಜು.
ಕೆಳಗೊಂದು ಗೆರೆ, ಗೆರೆಯ ಕೆಳಗೆ ಎರಡೇ ಪದ:
ಕತ್ತಲಾಗುವ ಮುಂಚೆ.

ಕ್ರಿಯಾಪದವಿಲ್ಲ.
ಅಂಗಡಿ ಮುಚ್ಚುವುದು ಐದಕ್ಕೆ; ಅಷ್ಟೇ ಇರಬಹುದು.
ನಾನು ಮತ್ತೊಮ್ಮೆ ಓದುತ್ತೇನೆ, ತುಟಿಯಾಡಿಸುತ್ತ.

ಜೌಗಿನಾಚೆ ಕಡ್ಡಿ ಮುರಿದ ಸದ್ದು.
ಕೋವಿಯೆತ್ತಲು ಎರಡು ಕೈಯೂ ಬೇಕು.
ಚೀಟಿಯನ್ನು
ಹಲ್ಲಲ್ಲಿ ಕಚ್ಚಿ ಹಿಡಿದೆ.