ತುಟಿಯೋದು

ವುಚ್ ಅಂದರೆ ಪೋಲಿಷ್‌ನಲ್ಲಿ ದೋಣಿ.
ದೋಣಿಯ ಹೆಸರಿಟ್ಟುಕೊಂಡ ಈ ಊರಲ್ಲಿ
ನದಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ.
ಗಿರಣಿಗಳ ಬಣ್ಣದ ನೀರು ಕುಡಿದು ಕುಡಿದು ನಾರತೊಡಗಿತಂತೆ,
ಹಿಡಿದು ಕೊಳವೆಯೊಳಗೆ ತುರುಕಿ ಮೇಲೆ ರಸ್ತೆ ಹಾಸಿದರು.
ಟ್ರಾಮಿಗೆ ಕಾಯುವಾಗ ಒಮ್ಮೊಮ್ಮೆ
ಕಾಲಡಿ ಏನೋ ಗೊಣಗಿದಂತಾಗುತ್ತದೆ.
ನದಿಯೋ, ನನ್ನ ಹೊಟ್ಟೆಯೋ, ಹೇಳಲಾರೆ.
ತಿಂಡಿ ತಿನ್ನದೆ ಓಡುವವಳು ನಾನು.

ಆಫೀಸು ಇರುವುದು ಹಳೆ ಗಿರಣಿಯಲ್ಲಿ.
ಮೂಲೆಯಲ್ಲೊಂದು ಮಗ್ಗ ಉಳಿಸಿದ್ದಾರೆ,
ಸುತ್ತ ಹಗ್ಗ, ಮೇಲೆ ದೀಪ, ಮುಟ್ಟಬಾರದು ಎಂಬ ಫಲಕ.
ಎದುರಿಗೆ ಕಾಫಿ ಯಂತ್ರ. ಅದನ್ನು ಎಲ್ಲರೂ ಮುಟ್ಟುತ್ತಾರೆ.

ನನ್ನಜ್ಜಿ ಗೆನೊವೇಫಾ ಇದೇ ಮೂರನೇ ಮಹಡಿಯಲ್ಲಿ
ಮೂವತ್ತೊಂದು ವರ್ಷ ನಿಂತವಳು.
ನಾನು ಕೂತವಳು. ಅಷ್ಟೇ ಪ್ರಗತಿ.
ಈಚೆಗೆ ನಿಲ್ಲುವ ಮೇಜು ತರಿಸಿದ್ದಾರೆ, ಬೆನ್ನಿಗೆ ಒಳ್ಳೆಯದಂತೆ;
ಅಜ್ಜಿ ಇದ್ದಿದ್ದರೆ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು.

ನಾರ್ವೆಯಲ್ಲಿ ಯಾರದೋ ಬಟ್ಟೆ ಒಗೆಯುವ ಯಂತ್ರ ಕೆಟ್ಟರೆ
ಇಲ್ಲಿ ಕೂತು ಮರುಗುವುದು ನನ್ನ ಕೆಲಸ.
‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ.’
ದಿನಕ್ಕೆ ಅರವತ್ತು ಸಲ ಅರ್ಥವಾಗುತ್ತದೆ.
ಈಗೀಗ ಆ ಸಾಲನ್ನೂ ಬರೆಯಬೇಕಿಲ್ಲ;
ಮೊದಲಕ್ಷರ ಒತ್ತುವಷ್ಟರಲ್ಲಿ
ಉಳಿದ ಮರುಕ ತಾನೇ ಬಂದು ನಿಲ್ಲುತ್ತದೆ, ಬೂದು ಬಣ್ಣದಲ್ಲಿ.
ನಾನು ಹ್ಞೂಂ ಅಂದರೆ ಕಪ್ಪಾಗುತ್ತದೆ.

ಸದ್ದೇ ಇಲ್ಲ ಇಲ್ಲಿ.
ನೂರಿಪ್ಪತ್ತು ಜನ, ನೂರಿಪ್ಪತ್ತು ಜೊತೆ ಮುಚ್ಚಿದ ಕಿವಿ.
ಪಕ್ಕದ ಲೆಸಿಯಾಗೆ ಸ್ಟೇಪ್ಲರ್ ಬೇಕಾದರೆ ಟೈಪು ಮಾಡುತ್ತಾಳೆ;
ಅವಳ ಮಾತು ಎಲ್ಲೆಲ್ಲೋ ಸಮುದ್ರದಾಚೆ ಸುತ್ತಿ
ಎರಡು ಮೊಳ ದೂರದ ನನ್ನನ್ನು ತಲುಪುತ್ತದೆ.
ಹೆಬ್ಬೆರಳಿನ ಚಿತ್ರ ಕಳಿಸಿ, ಕೈ ಚಾಚಿ ಕೊಡುತ್ತೇನೆ.
ಮುಖ ನೋಡುವುದಿಲ್ಲ.

ಅಜ್ಜಿಯ ಕಾಲಕ್ಕೆ ಸದ್ದೋ ಸದ್ದು.
ಮುನ್ನೂರು ಮಗ್ಗ ಒಟ್ಟಿಗೆ ಹಲ್ಲು ಕಡಿದರೆ
ಕೂಗಿದ್ದು ಕೂಗಿದವಳಿಗೇ ಕೇಳದು.
ಅದಕ್ಕೇ ಹೆಂಗಸರು ಬರೀ ತುಟಿಯಲ್ಲಿ ಮಾತಾಡಲು ಕಲಿತರು,
ಬಾಯಗಲಿಸಿ, ಒಂದೊಂದೇ ಅಕ್ಷರ ಅಗಿದು.
ಈ ತುದಿಯಿಂದ ಆ ತುದಿಗೆ ಹೋಗುತ್ತಿತ್ತು ಸುದ್ದಿ:
ಯಾರಿಗೆ ಮುಟ್ಟು ನಿಂತಿದೆ,
ಯಾವ ಅಂಗಡಿಗೆ ನಿಂಬೆಹಣ್ಣು ಬಂದಿದೆ,
ಮೇಸ್ತ್ರಿ ಯಾರ ಮೇಲೆ ಕಣ್ಣು ಕೆಂಪಗೆ ಮಾಡಿದ್ದಾನೆ.
ನಿವೃತ್ತಿಯ ದಿನ ಗೋಡೆ ಗಡಿಯಾರ ಕೊಟ್ಟರು.
ಅದರ ಟಿಕ್ ಟಿಕ್ ಅವಳು ಕೇಳಲೇ ಇಲ್ಲ.

ಹಿಂದಿನದೇ ಚೆನ್ನಾಗಿತ್ತು ಅನ್ನಲಾರೆ.
ಹತ್ತಿಯ ಧೂಳು ಅವಳೆದೆಯಲ್ಲಿ ಇನ್ನೊಂದು ದುಪ್ಪಟಿ ನೇಯ್ದಿತ್ತು.
ನನಗೆ ಹಲ್ಲಿನ ವಿಮೆಯಿದೆ. ಶುಕ್ರವಾರ ಹಣ್ಣಿನ ಬುಟ್ಟಿ
(ಬಾಳೆಹಣ್ಣು ಹತ್ತೂವರೆಗೇ ಖಾಲಿ, ಸೇಬು ಬುಧವಾರದವರೆಗೂ ಬಿದ್ದಿರುತ್ತವೆ).
ಹೊರಡುವ ಬಾಗಿಲಲ್ಲಿ ಐದು ಮುಖಗಳ ಗುಂಡಿ:
ನಿಮ್ಮ ದಿನ ಹೇಗಿತ್ತು?
ನಡುವಿನ ಹಳದಿ ಮುಖವನ್ನು ಮೊಣಕೈಯಲ್ಲಿ ಒತ್ತುತ್ತೇನೆ.
ಕೈಯಲ್ಲಿ ಕೊಡೆ ಇರುತ್ತದೆ.

ಈ ಬುಧವಾರ ಪರದೆಯ ಮೇಲೆ ಸಭೆ.
ಶುರುವಾಗುವ ಮುಂಚೆ ಮ್ಯಾನೇಜರ್ ವಿಟೋಲ್ಡ್
ಮೈಕು ಮುಚ್ಚಿಕೊಂಡು ಪಕ್ಕದವರಾರೊಡನೆಯೋ ಮಾತಾಡುತ್ತಿದ್ದ.
ನೋಡುತ್ತ ಕೂತೆ, ಮೀನಿನ ತೊಟ್ಟಿ ನೋಡುವ ಹಾಗೆ.
ಆಮೇಲೆ ಮೈ ಜುಮ್ಮೆಂದಿತು.
ಬೀಟ್‌ರೂಟ್ ಸುಲಿಯುತ್ತ ಅಡುಗೆಮನೆಯಲ್ಲಿ ಅಜ್ಜಿ ಕಲಿಸಿದ್ದು
ಎಲ್ಲಿ ಅಡಗಿತ್ತೋ.
ಅವನ ತುಟಿ ಹೇಳುತ್ತಿತ್ತು:
ಏಪ್ರಿಲ್. ಏಳು ಜನ. ಈಗಲೇ ಬೇಡ.

ಮೈಕು ತೆರೆಯಿತು. ದನಿ ಬಂತು:
ಹೊಸ ದಿಗಂತ, ಹೊಸ ಹೊಂದಾಣಿಕೆ, ನಾವೆಲ್ಲ ಒಂದೇ ಕುಟುಂಬ.
ಹದಿನೆಂಟು ಪೆಟ್ಟಿಗೆಗಳಲ್ಲಿ ಹದಿನೆಂಟು ತಲೆ ಅಲ್ಲಾಡಿದವು,
ನನ್ನದೂ ಸೇರಿ.

ಲೆಸಿಯಾಳ ತೋಳು ತಟ್ಟಿದೆ.
ಸದ್ದಿಲ್ಲದೆ, ಬಾಯಗಲಿಸಿ: ಏಳು ಜನ.
ಕಿವಿಯ ಮುಚ್ಚಳ ತೆಗೆದಳು, ಏನು ಅಂದಳು.
ಮತ್ತೆ ಅಂದೆ, ಅಗಿದು ಅಗಿದು.
ಎರಡು ವರ್ಷದಲ್ಲಿ ಮೊದಲ ಸಲ ನನ್ನ ಬಾಯನ್ನೇ ನೋಡಿದಳು.
ಅವಳ ಮುಂದಿನ ಹಲ್ಲು ಚೂರು ಮುರಿದಿದೆ, ಗೊತ್ತೇ ಇರಲಿಲ್ಲ.
ತಿರುಗಿ ತುಟಿಯಲ್ಲೇ ಏನೋ ಅಂದಳು, ಉಕ್ರೇನಿಯನ್ನಿನಲ್ಲಿ.
ಅರ್ಧ ತಿಳಿಯಿತು.

ಇನ್ನರ್ಧಕ್ಕೆ ಮಧ್ಯಾಹ್ನ ಕಬ್ಬಿಣದ ಮೆಟ್ಟಿಲ ಮೇಲೆ ಕೂತೆವು,
ಬುಟ್ಟಿಯಲ್ಲುಳಿದ ಬಾಡಿದ ಸೇಬು ಕಚ್ಚುತ್ತ,
ಬಾಯಿ ತುಂಬಿಕೊಂಡೇ,
ಒಬ್ಬರ ಮಾತಿನ ಮೇಲೊಬ್ಬರು.