ಹಳದಿ ಗೆರಿ

ಗುರುಮಠಕಲ್ ಅಡತಿ ಅಂಗಡ್ಯಾಗ ತೊಗರಿಗೆ ತಕ್ಕಡಿ ಅದ.
ಹಾಲಿಗೆ ಮಾಪ ಅದ. ಸೀಮೆಎಣ್ಣಿಗೆ ಅಳತಿ ಡಬ್ಬಿ ಇತ್ತು.
ಹಸಿಮೆಣಸಿನಕಾಯಿ ಒಂದು ಚಟಾಕು ಕಮ್ಮಿ ಬಿದ್ರ
ಸಂತ್ಯಾಗ ಜಗಳ ಆಗ್ತದ.
ಹಡದಾಕಿ ಮೈಯಿಂದ ಹೋದ ರಕ್ತಕ್ಕ ಮಾತ್ರ
ಹದಿನೇಳು ವರ್ಷ
ನನ್ನ ಕಣ್ಣೇ ಸೇರು, ನನ್ನ ಕಣ್ಣೇ ಪಾವು.

ಕೇಸ್ ಶೀಟಿನ್ಯಾಗ ಬರೀತಿದ್ದೆ:
‘ರಕ್ತಸ್ರಾವ ಸಾಧಾರಣ.’
ಸಾಧಾರಣ ಅಂದ್ರ ಎಷ್ಟು ಅಂತ
ಯಾರೂ ಕೇಳಲಿಲ್ಲ. ನಾನೂ.

ಮಾಣಿಕಮ್ಮನ ಶೀಟಿನ್ಯಾಗೂ ಅದನ್ನೇ ಬರದಿದ್ದೆ.
ಎರಡನೇ ಹೆರಿಗಿ, ಹೆಣ್ಣು,
ಎರಡು ಕಿಲೋ ಆರುನೂರಾ ನಲವತ್ತು ಗ್ರಾಮು.
ಕೂಸಿನ ತೂಕ ಗ್ರಾಮಿನ ಮಟ್ಟ ಗೊತ್ತಿತ್ತು ನಮಗ.
ನೀರು ಕೇಳಿದಳು, ಕೊಟ್ಟೆ.
ಚಳಿ ಅಂದಳು, ಹೊದಿಸಿದೆ.
ಮೇ ತಿಂಗಳದಾಗ ಚಳಿ.
ಕೆಂಪು ಕೌದಿ ಮ್ಯಾಲ ಕೆಂಪು ಕಾಣಲಿಲ್ಲ.
ಯಾದಗಿರಿ ಇನ್ನ ಹನ್ನೊಂದು ಕಿಲೋಮೀಟರ್ ಅನ್ನೋ ಕಲ್ಲಿನ ಹತ್ತಿರ
ಅಂಬುಲೆನ್ಸಿನವ ಸೈರನ್ ಬಂದ್ ಮಾಡಿದ.

ಮರುದಿನ ಮೊಗಲಮ್ಮ, ನಮ್ಮ ಆಯಾ,
ಹಿಂದಿನ ನಳದ ಕೆಳಗ ಆ ಕೌದಿ ತೊಳೀಲತ್ತಿದ್ದಳು.
‘ನೀರು ಹಾಕೋಕಿಂತ ಮೊದಲೇ
ಇದು ಎತ್ತಕ್ಕ ಬರಲಿಲ್ಲ ಸಿಸ್ಟರ್.’
ಅಷ್ಟೇ ಅಂದಳು.
ಊರಿನ ಅಷ್ಟೂ ಹೆರಿಗಿ ಬಟ್ಟಿ ಹಿಂಡಿದ ಕೈ.
ಆ ಕೈಯಾಗಿನ ತಕ್ಕಡಿ
ನಮ್ಮ ಯಾವ ರಜಿಸ್ಟರಿನ್ಯಾಗೂ ಇರಲಿಲ್ಲ.

ಈಗ ಡಬ್ಬಿ ಬಂದದ. ಸಂಶೋಧನಾ ಅಂತ.
ತೆಳ್ಳನ ಪ್ಲಾಸ್ಟಿಕ್ ಹಾಳಿ, ಸೊಂಟದ ಕೆಳಗ ಹಾಸೋದು,
ತುದಿಗೆ ಜೋತಾಡೋ ಚೀಲ, ಚೀಲದ ಮ್ಯಾಲ ಗೆರಿ.
ಮುನ್ನೂರು ಎಂಎಲ್ಲಿಗೆ ಹಳದಿ, ಐನೂರಕ್ಕ ಕೆಂಪು.
‘ಇಷ್ಟೇನಾ?’ ಅಂದೆ. ನಗು ಬಂತು.
ಕಲಿಸಾಕ ಬಂದ ಹುಡುಗಿ ಡಾಕ್ಟರ್ ನಗಲಿಲ್ಲ.
ಎಷ್ಟೋ ದೇಶದಾಗ ಲಕ್ಷಗಟ್ಟಲೆ ಬಾಣಂತ್ಯಾರನ್ನ ನೋಡಿ
ತಿಳಿದದ್ದು ಇಷ್ಟೇ ಅಂದಳು:
ಕಣ್ಣು ಅರ್ಧಕ್ಕರ್ಧ ಸುಳ್ಳು ಹೇಳ್ತದ.
ಒಂದು ಮದ್ದು ಕೊಟ್ಟು ಕಾಯಬ್ಯಾಡ್ರಿ,
ಎಲ್ಲಾ ಕೂಡೇ ಮಾಡ್ರಿ.

ಆ ವಾರದಾಗೇ ತಾಂಡಾದಿಂದ ಜಮಲಿಬಾಯಿ.
ಕೂಸು ಅತ್ತಿತ್ತು. ನಾನು ಹೊಕ್ಕಳಬಳ್ಳಿ ಮ್ಯಾಲ ಬಗ್ಗಿದ್ದೆ.
ಕರೆಂಟ್ ಇರಲಿಲ್ಲ, ಮೊಗಲಮ್ಮ ಟಾರ್ಚ್ ಹಿಡದಿದ್ದಳು.
‘ಸಿಸ್ಟರ್, ಹಳದಿ ಮುಟ್ಟ್ಯಾದ.’
ನಾನಿನ್ನೂ ಸಾಧಾರಣದಾಗೇ ಇದ್ದೆ.

ಹೊಟ್ಟಿ ತಿಕ್ಕು. ಸೂಜಿ. ಸಲೈನು.
ರಕ್ತ ಹೆಪ್ಪುಗಟ್ಟಾಕ ಇನ್ನೊಂದು ಸೂಜಿ.
ಎಲ್ಲಿ ಹರದದ ನೋಡು.
ಒಂದಾದ ಮ್ಯಾಲ ಒಂದಲ್ಲ,
ರೊಟ್ಟಿ ಬಡಿಯೋ ಹಂಗ:
ಒಂದು ಕೈ ತಟ್ತದ, ಒಂದು ಕೈ ತಿರುವ್ತದ,
ಕಣ್ಣು ಹಂಚಿನ ಮ್ಯಾಲ.
ಅಂಗೈ ಕೆಳಗ ಗರ್ಭಕೋಶ
ನೀರು ಹೆಚ್ಚಾದ ಹಿಟ್ಟಿನಂಗಿದ್ದದ್ದು
ತಡದು, ಭಾಳ ತಡದು,
ಬಳವಲಕಾಯಿ ಆತು.
ಕೆಂಪು ಗೆರಿ ಇನ್ನ ಎರಡು ಬೆರಳು ದೂರ.

ನಸಿಕಿನ್ಯಾಗ ಜಮಲಿಬಾಯಿ ಚಾ ಕೇಳಿದಳು.
ಸಕ್ಕರಿ ಸಾಲದು ಅಂತ ಬೈದಳು.

ಫಾರ್ಮಿನ್ಯಾಗ ಒಂದು ಕಾಲಂ ಅದ:
ಮೊದಲು ಗುರುತಿಸಿದವರು, ಹುದ್ದೆ.
ಬರದೆ: ಮೊಗಲಮ್ಮ, ಆಯಾ.
ಆಕಿಗೆ ಓದಾಕ ಬರೂದಿಲ್ಲ.
ಗೆರಿಗೆ ಅಕ್ಷರ ಯಾಕ ಬೇಕು.

ಹದಿನೈದು ದಿನಕ್ಕ ಆಫೀಸಿನಿಂದ ಫೋನು:
‘ಆಯಾ ನಮ್ಮ ಪಟ್ಟ್ಯಾಗ ಬರಲ್ಲ ಮೇಡಂ,
ತರಬೇತಿ ಆದವರ ಹೆಸರು ಹಾಕಿ ಕಳಸ್ರಿ.’
ಮತ್ತ ಬಂತು. ಮತ್ತೂ ಬಂತು.

ಫಾರ್ಮು ನನ್ನ ಮೇಜಿನ ಖಾನ್ಯಾಗ ಅದ.
ಮಾಣಿಕಮ್ಮನ ಮಗಳು ನಾಕನೇತ್ತಕ್ಕ ಬಂದಾಳಂತ,
ಮೊನ್ನೆ ಯಾರೋ ಹೇಳಿದರು.
ತಿದ್ದಿಲ್ಲ ನಾ ಇನ್ನ.